ಒರಳು ಮುಳುಗಿದ ಮೇಲೆ ಮುಗಿದ ಸ್ಟೋರಿಬೋರ್ಡ್

ನಮ್ಮ ಗುಂಪಿನ ನಿರ್ದೇಶಕನನ್ನು ಯಾರೂ ಆರಿಸಿರಲಿಲ್ಲ, ಅವನೇ ಆಗಿದ್ದ. ಸಾಗರದ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ನಾವು ಕೊನೆಯ ವರ್ಷಕ್ಕೆ ಗುಂಪಾಗಿ ಒಂದು ಕಿರುಚಿತ್ರ ಮಾಡಬೇಕಿತ್ತು. ತೀರ್ಥಹಳ್ಳಿಯಿಂದ ಬಂದಿದ್ದ ಈ ಮಹಾಶಯ ಎರಡೂ ಕೈಯ ಬೆರಳು ಜೋಡಿಸಿ ಚೌಕ ಮಾಡಿ, ಅದರೊಳಗಿಂದ ಕ್ಯಾಂಟೀನಿನ ಬನ್ಸನ್ನೂ ನೋಡುತ್ತಿದ್ದ. ಚಿತ್ರ ಬಿಡಿಸಲು ಬರುತ್ತಿದ್ದುದು ನನಗೊಬ್ಬಳಿಗೇ. ಹಾಗಾಗಿ ಸ್ಟೋರಿಬೋರ್ಡ್, ಅಂದರೆ ಒಂದೊಂದು ಶಾಟನ್ನೂ ಮೊದಲೇ ಕಾಗದದ ಮೇಲೆ ಬಿಡಿಸಿಡುವ ಕೆಲಸ, ನನ್ನ ತಲೆಗೆ ಬಿತ್ತು.

ಕಥೆ ನನ್ನ ಅಜ್ಜಿಯದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ಊರಿಗೆ ನುಗ್ಗುವ ಮೊದಲು ಅವಳ ತವರಿನವರು ಹಂಚು, ಬಾಗಿಲು, ಕಿಟಕಿ ಎಲ್ಲ ಕಿತ್ತುಕೊಂಡು ಹೊರಟರು. ನೆಲಕ್ಕೆ ಹೂತಿದ್ದ ಒರಳುಕಲ್ಲು ಮಾತ್ರ ಅಲ್ಲೇ ಉಳಿಯಿತು. ಬೇಸಗೆಯಲ್ಲಿ ನೀರು ತೀರಾ ಇಳಿದಾಗ ಹೊನ್ನೆಮರಡಿನ ಆಚೆ ಅದು ಮೇಲೇಳುತ್ತದೆ. ಊರು ಬಿಟ್ಟ ಮೇಲೆ ಅಜ್ಜಿ ಅದನ್ನು ನೋಡಿರಲಿಲ್ಲ. ಅಲ್ಲಿಗೆ ಬಸ್ಸಿಲ್ಲ, ಒಬ್ಬಳೇ ಹೋಗುವ ವಯಸ್ಸೂ ಅಲ್ಲ. ಶೂಟಿಂಗಿನ ಜೀಪಿನಲ್ಲಿ ಕರೆದೊಯ್ಯುತ್ತೇವೆ ಎಂದಾಗ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹರವಿದಳು.

ಒರಳು ಎದ್ದಿದೆಯೆಂದು ಮೀನು ಹಿಡಿಯುವವರು ಆಗಲೇ ಹೇಳಿದ್ದರು. ಹೋಗಿ ಶೂಟ್ ಮಾಡಿಕೊಂಡು ಬಂದರೆ ಮುಗಿಯಿತು. ಆದರೆ ನಿರ್ದೇಶಕರು ಒಪ್ಪಬೇಕಲ್ಲ! ಸ್ಟೋರಿಬೋರ್ಡ್ ಪಕ್ಕಾ ಆಗದೆ ಕ್ಯಾಮೆರಾ ಮುಟ್ಟುವಂತಿಲ್ಲ ಎಂದ. ಅಜ್ಜಿ ಎಡಗಡೆಯಿಂದ ಬರಬೇಕೋ ಬಲಗಡೆಯಿಂದಲೋ ಎಂಬ ಚರ್ಚೆಗೇ ಒಂದು ವಾರ ಹೋಯಿತು. ಅವಳು ಅಳಬೇಕು ಎಂದ. ಬಿಡಿಸಿದೆ. ಕಣ್ಣೀರು ಸಾಲದು ಎಂದ. ಅದನ್ನೂ ಸುರಿಸಿದೆ. ಒರಳನ್ನು ಒಂಟಿತನದ ಸಂಕೇತವಾಗಿ ತೋರಿಸು ಎಂದ. ಕಲ್ಲನ್ನು ಕಲ್ಲಿನ ಹಾಗಲ್ಲದೆ ಇನ್ನು ಹೇಗೆ ಬಿಡಿಸುವುದೋ ನನಗಂತೂ ತಿಳಿಯಲಿಲ್ಲ. ಉಳಿದವರು ತಲೆಯಾಡಿಸುತ್ತ ಕೂತಿದ್ದರು. ಎಲ್ಲರೂ ಮಲೆನಾಡಿನಲ್ಲೇ ಹುಟ್ಟಿ ಬೆಳೆದವರು! ಶರಾವತಿ ಹುಟ್ಟುವುದೇ ಈ ನಿರ್ದೇಶಕನ ತಾಲೂಕಿನಲ್ಲಿ. ಮಳೆ ಹಿಡಿದರೆ ಹಿನ್ನೀರು ಏರುತ್ತದೆಂದು ಇವನಿಗೆ ನಾನು ಹೇಳಿಕೊಡಬೇಕಿತ್ತು. ಹೇಳಿಯೂ ಹೇಳಿದೆ.

“ಮಳೆ ಬಂದ್ರೆ ಮೂಡ್ ಇನ್ನೂ ಚೆನ್ನಾಗಿ ಬರ್ತದೆ ಮಾರಾಯ್ತಿ,” ಎಂದ.

ಬೋರ್ಡಿಗೆ ಬಣ್ಣ ತುಂಬಿ ಮುಗಿಯುವಷ್ಟರಲ್ಲಿ ಹೊಸನಗರದ ಕಡೆ ಮಳೆ ಹಿಡಿದು ಹೊಳೆ ಕೆಂಪಾಗಿ ಬಂತು. ಅಜ್ಜಿಯನ್ನು ಕರೆದುಕೊಂಡು ನಾವು ದಡಕ್ಕೆ ಹೋದಾಗ ಎಲ್ಲಿ ನೋಡಿದರೂ ನೀರು. ನಿರ್ದೇಶಕ ಬೆರಳಿನ ಚೌಕ ಹಿಡಿದು, “ಅಜ್ಜಿ, ಅಲ್ಲಿ ನಿಂತ್ಕಂಡು ಸ್ವಲ್ಪ ಅಳ್ತೀರಾ?” ಎಂದು ಕೇಳಿದ. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವನಿಗೆ ಎಂತ ಆಗಿದ್ಯೇ?” ಎಂದು ನನ್ನನ್ನು ಕೇಳಿ, ಜೀಪು ಹತ್ತಿ ಕೂತಳು.

ಚಿತ್ರ ಆಗಲೇ ಇಲ್ಲ. ಬರೀ ಸ್ಟೋರಿಬೋರ್ಡಿಗೇ ಒಳ್ಳೆಯ ಅಂಕ ಬಂತು. ಅವನು ಅದನ್ನು ಎದೆಗವಚಿಕೊಂಡು ಫೋಟೋ ತೆಗೆಸಿಕೊಂಡ. ನಾನು ಅವನನ್ನು ಈಗಲೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ಮರುವರ್ಷ ನೀರು ಇಳಿಯುವ ಹೊತ್ತಿಗೆ ಅಜ್ಜಿ ಮಂಡಿನೋವಿನಿಂದ ಅಂಗಳ ದಾಟದಂತಾಗಿದ್ದಳು. ಜೀಪು ನಿಲ್ಲುವಲ್ಲಿಂದ ಒರಳಿನವರೆಗೆ ಕೆಸರು ತುಳಿದೇ ಹೋಗಬೇಕು. ನಾನೊಬ್ಬಳೇ ಹೋಗಿ ಫೋಟೋ ತೆಗೆದು ತಂದು ಮೊಬೈಲನ್ನು ಅವಳ ಮುಂದೆ ಹಿಡಿದೆ. ಅವಳು ಒಂದನ್ನು ನೋಡಿ ಫೋನನ್ನು ಮೆಲ್ಲಗೆ ಆಚೆ ಸರಿಸಿದಳು.

“ಚಿತ್ರ ನೋಡಿ ಎಂತ ಮಾಡ್ಲೇ? ನಂಗೆ ಅದ್ರ ಗುಳಿಯೊಳಗೆ ಒಂದ್ಸಲ ಕೈ ಇಡ್ಬೇಕಿತ್ತು.”