ನರ ತೆಗೆಸಿದ ಹಲ್ಲು

ಬಲದವಡೆಯ ಒಂದು ಹಲ್ಲಿನ ಮೇಲೆ ನನಗೆ ಎಲ್ಲಿಲ್ಲದ ಭರವಸೆ. ಉಳಿದವು ಎಂದು ಕೈಕೊಡುತ್ತವೋ ಹೇಳಲು ಬರುವುದಿಲ್ಲ. ಇದಕ್ಕಾದರೋ ವರ್ಷಗಳ ಹಿಂದೆಯೇ ರೂಟ್ ಕೆನಾಲ್ ಮಾಡಿ, ನರ ತೆಗೆದು, ಮೇಲೊಂದು ಕ್ಯಾಪ್ ಕೂರಿಸಿದ್ದರು. ಸತ್ತ ಹಲ್ಲಿಗೆ ಇನ್ನೇನಾದೀತು ಎಂಬ ಧೈರ್ಯದಲ್ಲಿ ಕಟಕರೊಟ್ಟಿ, ಕಬ್ಬು, ಹುರಿದ ಶೇಂಗಾ ಎಲ್ಲವನ್ನೂ ಅದರತ್ತಲೇ ದೂಡುತ್ತಿದ್ದೆ. ಮನೆಯಲ್ಲಿ ಎದುರು ಮಾತಾಡದವರ ತಲೆಗೇ ಎಲ್ಲ ಕೆಲಸ ಕಟ್ಟುತ್ತೇವಲ್ಲ, ಹಾಗೆ.

ಈ ಚಳಿಗಾಲದಲ್ಲಿ ಅದು ಮಾತಾಡಿತು. ಬಿಸಿ ಚಹಾಕ್ಕೆ ಸುಮ್ಮನಿರುತ್ತಿತ್ತು, ತಣ್ಣೀರಿಗೂ ಸುಮ್ಮನೆ. ಕಚ್ಚಿದರೆ ಮಾತ್ರ ಬೇರೆ ಊರಿನ ಗುಡಿಯ ಗಂಟೆಯಂತೆ ಎಲ್ಲೋ ಆಳದಲ್ಲಿ ನೋವು. ವಸಡಿನ ಮೇಲೆ ಸಾಸಿವೆಯಷ್ಟು ಗುಳ್ಳೆ. ನಾಲಿಗೆಗೆ ದಿನವಿಡೀ ಅದನ್ನು ಸವರುವುದೇ ಉದ್ಯೋಗ.

ಉದ್ಯಮಬಾಗದ ಹಲ್ಲಿನ ಡಾಕ್ಟರು ನನ್ನ ಮಗಳ ವಯಸ್ಸಿನವರು. ಎಕ್ಸ್‌ರೇ ಹಿಡಿದು ಬೇರಿನ ತುದಿಯ ಕಪ್ಪು ನೆರಳು ತೋರಿಸಿದರು.

"ಜೀವಾನ ಇಲ್ಲಲ್ರಿ ಅದರಾಗ, ನೋವು ಎಲ್ಲಿಂದ ಬಂತು?" ಎಂದೆ.

"ಹಲ್ಲು ನೋಯಾಕತ್ತಿಲ್ರಿ ಕಾಕಾ, ಬಾಜೂಕಿನ ಎಲುಬು ನೋಯಾಕತ್ತೈತಿ. ಮತ್ತೊಮ್ಮೆ ತೆರದು ಸ್ವಚ್ಛ ಮಾಡಿದ್ರ ಉಳೀಬಹುದು, ಖಾತ್ರಿ ಇಲ್ಲ. ಇಲ್ಲಂದ್ರ ತಗದ ಬಿಡೂಣು. ವಿಚಾರ ಮಾಡಿ ಹೇಳ್ರಿ."

ವಿಚಾರ ಮಾಡಲು ಪಾರಿಶ್ವಾಡದ ಸೋದರತ್ತೆಯ ಪಡಸಾಲೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಾನು ಮಾತು ಕಲಿತದ್ದೇ ಅಲ್ಲಿ. ಬಸ್ಸು ಮಚ್ಛೆ ದಾಟಿ ಖಾನಾಪುರದ ದಾರಿ ಹಿಡಿಯುವಷ್ಟರಲ್ಲಿ ಕಿಟಕಿಯ ಬಿಸಿಲಿಗೆ ಜೋಂಪು ಹತ್ತಿತು. ಕನಸಿನಲ್ಲಿ ನನ್ನ ಹಲ್ಲುಗಳೆಲ್ಲ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದವು. ಒಂದು ಮಾತ್ರ ಬಡಿಸಿದ್ದನ್ನು ಮುಟ್ಟದೆ ಎಲೆ ನೋಡುತ್ತಿತ್ತು.

ಅತ್ತೆಯ ಮನೆಯಲ್ಲೂ ಊಟದ ಹೊತ್ತು. ನಿದ್ದೆಗಣ್ಣಲ್ಲೇ ಕಂಬದ ಪಕ್ಕದ ಮಣೆಯ ಮೇಲೆ ಕೂರಹೋದೆ.

"ಈಚಿ ಸರೀ. ಅದು ನಿಮ್ಮ ಮಾಮಾರ ಮಣಿ."

ಮಾಮಾ ತೀರಿಕೊಂಡು ಬಹಳ ಕಾಲವಾಯಿತು. ಅವರ ಮಣೆ ಮಾತ್ರ ಈಗಲೂ ಊಟದ ಹೊತ್ತಿಗೆ ಗೋಡೆಯಿಂದ ಇಳಿಯುತ್ತದೆ, ಊಟ ಮುಗಿದ ಮೇಲೆ ಗೋಡೆಗೆ ಒರಗುತ್ತದೆ. ನಾನು ಈಚೆ ಸರಿದು ಕೂತು ಹಲ್ಲಿನ ಕಥೆ ಹೇಳಿದೆ.

"ಜೀವ ಇಲ್ಲದ್ದು ಅತ್ತಿ. ಇಟಗೊಂಡರ ಏನು ಮಾಡೂದು? ಕೀಳಿಸಿಬಿಡ್ತೀನಿ."

ಬೊಚ್ಚುಬಾಯಿಯ ಅತ್ತೆ ಸಾರಿನಲ್ಲಿ ರೊಟ್ಟಿ ಅದ್ದುತ್ತ, ಮಣೆಯ ಕಡೆ ಒಮ್ಮೆ ನೋಡಿದಳು. "ಇರಲಿ ಬಿಡೋ. ಜೀವ ಇಲ್ಲಂದ್ರೂ ಜಾಗಾ ಹಿಡಕೊಂಡು ಕುಂತೈತಿ. ನಂದು ನೋಡು, ಮದಲ ಒಂದು ಹೋತು. ಬಾಜೂದಾವು ಆ ಖಾಲಿ ಕಡೆ ವಾಲಿ ವಾಲಿ ಹೋಗಿಬಿಟ್ಟೂ."

ಮರುವಾರ ಡಾಕ್ಟರ ಕುರ್ಚಿಯಲ್ಲಿ ಒರಗಿದೆ. "ಖಾತ್ರಿ ಇಲ್ರಿ ಕಾಕಾ," ಎಂದು ಮತ್ತೆ ನೆನಪಿಸಿದರು. "ನಡೀತೈತ್ರಿ, ಸ್ವಚ್ಛ ಮಾಡ್ರಿ," ಎಂದು ಬಾಯಿ ತೆರೆದೆ.

ಈಗ ಕಟಕರೊಟ್ಟಿ ಎಡಗಡೆಗೆ. ಬಲದ ಹಿರಿಯನಿಗೆ ಸಾರಿನಲ್ಲಿ ನೆನೆಸಿದ ಒಂದು ತುತ್ತು ಮಾತ್ರ. ಉಂಡರೂ ಸರಿ, ಬಿಟ್ಟರೂ ಸರಿ. ಪಂಕ್ತಿಯಲ್ಲಿ ಕೂತಿದ್ದರೆ ಸಾಕು.