ಹುಲಿಹೈದರಕ್ಕೆ ಹೋದ ಕೈಬರಹದ ನಿಘಂಟು

ಗಂಗಾವತಿಯಲ್ಲಿ ಚರ್ಚಿನ ಸಭಾಪಾಲಕರನ್ನು ತಯಾರು ಮಾಡುವ ಸಣ್ಣ ಕ್ರೈಸ್ತ ಶಾಲೆಯೊಂದಿತ್ತು. ಅದರ ಪುಸ್ತಕದ ಕೋಣೆ ಯಮನೂರಪ್ಪನ ಸುಪರ್ದಿಯಲ್ಲಿತ್ತು. ಗೆದ್ದಲು ಹಿಡಿಯದಂತೆ ನೋಡಿಕೊಳ್ಳುವುದು, ಹರಿದ ಪುಸ್ತಕಕ್ಕೆ ಗೋಂದು ಹಚ್ಚುವುದು, ಹಳ್ಳಿಗಳಲ್ಲಿ ಬೈಬಲ್ ಬೋಧಿಸುವ ಉಪದೇಶಿಗಳಿಗೆ ಬಂಡಿಯಲ್ಲಿ ಪುಸ್ತಕದ ಪೆಟ್ಟಿಗೆ ಕಳಿಸುವುದು ಅವನ ಕೆಲಸ. ಒಂದು ಪುಸ್ತಕ ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ. ತೀರಿಹೋದ ಗುರುಗಳೊಬ್ಬರು ಇಪ್ಪತ್ತು ವರ್ಷ ಕೂತು, ಬೈಬಲ್ಲಿನ ಕಠಿಣ ಶಬ್ದಗಳಿಗೆ ಈ ಸೀಮೆಯ ಮಾತಿನಲ್ಲೇ ಅರ್ಥ ಬರೆದಿಟ್ಟ ನಿಘಂಟು ಅದು. ಇದ್ದದ್ದು ಅದೊಂದೇ ಪ್ರತಿ.

೧೯೩೬ರ ಚಳಿಗಾಲದಲ್ಲಿ ಆ ಕಟ್ಟಳೆಯನ್ನು ಯಮನೂರಪ್ಪನೇ ಮುರಿದ. ಹುಲಿಹೈದರದ ಉಪದೇಶಿ ಹನುಮಂತಪ್ಪ ಅವನ ಗೆಳೆಯ. ಕಾಲು ಊನ, ಗಂಗಾವತಿಗೆ ಬರಲಾರ. ನಿಘಂಟನ್ನು ಹದಿನೈದು ದಿನಕ್ಕೆಂದು ಕೇಳಿಕೊಂಡಿದ್ದ. ಯಮನೂರಪ್ಪ ಯಾರಿಗೂ ಹೇಳದೆ ಪೆಟ್ಟಿಗೆಯ ತಳದಲ್ಲಿಟ್ಟು ಕಳಿಸಿಬಿಟ್ಟ.

ಹತ್ತನೆಯ ದಿನ ಹುಲಿಹೈದರದಲ್ಲಿ ಇಲಿ ಸತ್ತು ಬಿದ್ದ ಸುದ್ದಿ ಬಂತು. ಪ್ಲೇಗು! ಮರುವಾರ ಹನುಮಂತಪ್ಪ ತೀರಿಕೊಂಡ. ಸತ್ತವರ ಸಾಮಾನನ್ನೆಲ್ಲ ಸುಡುತ್ತಾರಂತೆ. ಗೆಳೆಯನಿಗಾಗಿ ಅಳುವಾಗಲೂ ಪುಸ್ತಕವೇ ಕಣ್ಣಿಗೆ ಕಟ್ಟುತ್ತದಲ್ಲ ಎಂದು ಯಮನೂರಪ್ಪನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಹೋಗಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದಳು ಹೆಂಡತಿ ದುರುಗವ್ವ.

"ನಾ ಕಳಿಸೀನಿ, ನಾನ ತರಬೇಕು" ಎಂದು ನಡೆದೇ ಹೊರಟ.

ಊರು ಬರಿದಾಗಿತ್ತು. ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅವನನ್ನು ಕಂಡ ಹನುಮಂತಪ್ಪನ ಹೆಂಡತಿ ಸಣ್ಣವ್ವ ದೂರದಿಂದಲೇ ಕೂಗಿದಳು: "ಅಲ್ಲೇ ನಿಂದ್ರು ಅಣ್ಣಾ!"

ನಿಘಂಟು ಬಂಡೆಯ ಮೇಲೆ ಬಿಸಿಲಿಗೆ ಹರಡಿತ್ತು. ಹಾಳೆ ಹಾರದಂತೆ ಕಲ್ಲು ಹೇರಿದ್ದಳು.

"ಸರಕಾರದವರು ಸುಡಾಕ ಬಂದಿದ್ರು. ಇದು ನಂದಲ್ಲ, ಸಾಲೀದು ಅಂತ ನಮ್ಮ ಮನಿಯವರು ಸಾಯೂಮುಂದ ಹೇಳಿದ್ರು. ಅದಕ್ಕ ಕೊಡಲಿಲ್ಲ. ಜಡ್ಡು ಹೋಗ್ಲಿ ಅಂತ ದಿನಾ ಹಾಳಿ ತಿರುವಿ ಬಿಸಲಿಗೆ ಒಣಗಸಾಕತ್ತೀನಿ."

ಯಮನೂರಪ್ಪ ಜಡ್ಡನ್ನು ಮನೆಗೆ ಒಯ್ಯಬಾರದೆಂದು ಹತ್ತು ದಿನ ಅಲ್ಲೇ ಬೇವಿನ ಗಿಡದಡಿ ಉಳಿದ. ಬೆಳಿಗ್ಗೆ ಎದ್ದೊಡನೆ ಪ್ಲೇಗಿನ ಗಂಟು ಎದ್ದಿದೆಯೇ ಎಂದು ಕಂಕುಳು, ತೊಡೆಸಂದು ಮುಟ್ಟಿ ನೋಡಿಕೊಳ್ಳುತ್ತಿದ್ದ. ಆರನೆಯ ದಿನ ಮೈ ಕಾದಾಗ ಕಥೆ ಮುಗಿಯಿತೆಂದುಕೊಂಡ. ದುರುಗವ್ವನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಎರಡು ದಿನಕ್ಕೆ ಜ್ವರ ಇಳಿಯಿತು. ಗಂಟು ಕಾಣಲಿಲ್ಲ.

ನಿಘಂಟಿನೊಡನೆ ಮರಳಿದವನೇ ಶಾಲೆಯ ಮುಖ್ಯಸ್ಥರಾದ ಪಾದ್ರಿ ಸಮುವೇಲಪ್ಪನವರ ಮುಂದೆ ಎಲ್ಲ ಒಪ್ಪಿಕೊಂಡ. "ತಪ್ಪಾತ್ರಿ ಅಯ್ನೋರ. ಕೆಲಸಾ ಬಿಡಸ್ರಿ."

ಪಾದ್ರಿಗಳು ನಿಘಂಟಿನ ಹಾಳೆ ತಿರುವಿ ನೋಡಿದರು. ಆಮೇಲೆ, "ತಪ್ಪು ನಿಂದೊಬ್ಬಂದ ಅಲ್ಲೋ. ಇಷ್ಟು ವರ್ಷ ಒಂದ ಪ್ರತಿ ಇಟಗೊಂಡು ಕುಂತಿದ್ವಿ, ಅದು ನಮ್ಮ ತಪ್ಪು" ಎಂದರು.

ಆ ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಹಾಳೆ ಹಂಚಿಕೊಂಡು ನಾಲ್ಕು ಪ್ರತಿ ಬರೆದರು. ಮೊದಲನೆಯದು ಹುಲಿಹೈದರಕ್ಕೆ, ಸಣ್ಣವ್ವನ ಹೆಸರಿಗೆ ಹೋಯಿತು. ಮುಂದೆ ಹಳ್ಳಿಯ ಹೆಂಗಸರಿಗೆ ಬೈಬಲ್ ಓದಿ ಅರ್ಥ ಹೇಳಿದವಳು ಅವಳೇ. ಯಮನೂರಪ್ಪ ಇನ್ನೂ ಹನ್ನೆರಡು ವರ್ಷ ಆ ಕೋಣೆಯಲ್ಲಿದ್ದ. ಮೂಲವೂ ಸೇರಿ ಅಲ್ಲಿ ಈಗ ಪ್ರತಿಗಳು ನಾಲ್ಕಿದ್ದರೂ, ಒಂದು ಬಂಡಿ ಏರಿತೆಂದರೆ ಅದು ತಿರುಗಿ ಬರುವತನಕ ಅವನಿಗೆ ಊಟ ಸೇರುತ್ತಿರಲಿಲ್ಲ.