ಅಬುಧಾಬಿಯಲ್ಲಿ ಸೊನ್ನೆಯ ದಿಗ್ವಿಜಯ

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಜೆಬೆಲ್ ಅಲಿಯ ಗೋದಾಮಿನಿಂದ ಕಂಪನಿ ಬಸ್ಸು ಹೊರಟಿತು. ಅಬುಧಾಬಿಗೆ ನೂರು ಕಿಲೋಮೀಟರು. ಟಿಕೆಟಿಗೆ ದುಡ್ಡು ಕೊಟ್ಟಿರಲಿಲ್ಲ. ಹಾಗಾಗಿ ಆರಿಸಲು ಬಾರದ ಎಸಿಯನ್ನು ದೂರುವ ಹಕ್ಕೂ ಇರಲಿಲ್ಲ. ನಾನು ಮಂಗಳೂರಿನಿಂದ ತಂಗಿಯ ಮನೆಗೆ ಬಂದ ಅತಿಥಿ. ಅವಳ ಗಂಡ ಸದಾನಂದ ಗೋದಾಮಿನ ಫುಟ್‌ಬಾಲ್ ತಂಡದಲ್ಲಿ ಗೋಲು ಹೊಡೆಯುವವನು. ನನಗೆ ವಹಿಸಿದ ಖಾತೆ ಚಹಾದ ಫ್ಲಾಸ್ಕು.

ತಂಡ ಆ ಸೀಸನ್ನಿನಲ್ಲಿ ಆಡಿದ ಆರೂ ಪಂದ್ಯ ಸೋತಿತ್ತು. ದಾರಿಯಲ್ಲಿ ಮ್ಯಾನೇಜರರ ವಾಟ್ಸಾಪ್ ಬಂತು: “ಇವತ್ತೂ ಸೋತರೆ ಫುಟ್‌ಬಾಲ್ ಖಲಾಸ್.” ಬಸ್ಸಿಗೆ ಬಸ್ಸೇ ಸೂತಕದಲ್ಲಿ ಕೂತಿತು. ಕೋಚ್ ಇಯಾನ್ ಮಾತ್ರ ಮೊಟ್ಟೆ ಸ್ಯಾಂಡ್‌ವಿಚ್ ಮುಗಿಸಿ ಕೇಳಿದ, “ಸೋತರೆ ಅಂದದ್ದು ತಾನೇ? ಗೆಲ್ಲಬೇಕು ಅಂದಿಲ್ಲವಲ್ಲ?”

ಈ ಮಹಾಶಯ ಸ್ಕಾಟ್ಲೆಂಡಿನ ಕೆಳಗಿನ ದರ್ಜೆಯ ಲೀಗಿನಲ್ಲಿ ಹನ್ನೆರಡು ವರ್ಷ ಡಿಫೆಂಡರ್ ಆಗಿದ್ದವನು. ವಾರದ ದಿನಗಳಲ್ಲಿ ನಲ್ಲಿ ರಿಪೇರಿ. ಒಟ್ಟು ಹೊಡೆದದ್ದು ಎರಡು ಗೋಲು, ಒಂದು ತನ್ನ ತಂಡದ ಗೋಲಿನೊಳಕ್ಕೇ. ಈಗ ಗೋದಾಮಿನ ಸೇಫ್ಟಿ ಆಫೀಸರ್, ಸಂಜೆ ಕೋಚ್. ಎರಡೂ ಒಂದೇ ಕೆಲಸವೆಂದು ಅವನ ಅಂಬೋಣ.

“ನಮ್ಮ ಸ್ಕಾಟ್ಲೆಂಡಿನಲ್ಲಿ ಪರವೂರಿಗೆ ಹೋಗಿ ಸೋಲದೆ ಬಂದರೆ ಅದೇ ಹಬ್ಬ. ಇವತ್ತು ಎಲ್ಲರೂ ನಮ್ಮ ಗೋಲಿನ ಮುಂದೆ ನಿಲ್ಲಿ,” ಎಂದ ಇಯಾನ್.

ಸದಾನಂದ ನನ್ನತ್ತ ತಿರುಗಿದ. “ಕೇಳಿದ್ರಾ ಭಾವ? ಗೋಲು ಹೊಡೆಯುವವನನ್ನು ಗೋಡೆ ಮಾಡ್ತಾನಂತೆ!”

ಕನ್ನಡ ಬಾರದಿದ್ದರೂ ಇಯಾನ್‌ಗೆ ದನಿ ಅರ್ಥವಾಯಿತು. “ಆರು ಪಂದ್ಯದಲ್ಲಿ ಎಷ್ಟು ಹೊಡೆದ, ಕೇಳಿ,” ಎಂದ ನನಗೆ. ಕೇಳಿದೆ. ಸದಾನಂದನಿಗೆ ಕಿಟಕಿಯಾಚೆಯ ಮರಳಿನಲ್ಲಿ ಅಪಾರ ಆಸಕ್ತಿ ಹುಟ್ಟಿತು.

ಪಂದ್ಯವೆಂದರೆ ಎದುರಿನವರು ಹೊಡೆಯುವುದು, ನಮ್ಮವರು ಅಡ್ಡ ನಿಲ್ಲುವುದು. ಮಧ್ಯಂತರದಲ್ಲಿ, ಮರಳುಗಾಡಿನ ಬಿಸಿಲಿನಲ್ಲಿ, ಸ್ಕಾಟ್ಲೆಂಡಿನ ಸಂಪ್ರದಾಯದಂತೆ ಎಲ್ಲರಿಗೂ ಬಿಸಿ ಚಹಾ. ನನ್ನ ಖಾತೆ ನಿರ್ವಿಘ್ನವಾಗಿ ನಡೆಯಿತು.

ಕೊನೆಯ ನಿಮಿಷ. ನಮ್ಮ ಗೋಲ್‌ಕೀಪರ್ ಜಾರಿಬಿದ್ದ. ಚೆಂಡು ಗೋಲಿನತ್ತ ನುಗ್ಗಿತು. ಅಲ್ಲಿ ಸದಾನಂದ, ಓಡಿ ಸುಸ್ತಾಗಿ, ಸುಮ್ಮನೆ ನಿಂತಿದ್ದ. ನನ್ನ ತಂಗಿ ಹತ್ತು ವರ್ಷ ಮೀನಿನ ಪುಳಿಮುಂಚಿ ಬಡಿಸಿ ಬೆಳೆಸಿದ ಹೊಟ್ಟೆಗೆ ಚೆಂಡು ಬಡಿದು ಹೊರಗೆ ಹಾರಿತು. ಸೀಟಿ! ಸೊನ್ನೆಗೆ ಸೊನ್ನೆ.

ಇಯಾನ್ ಓಡಿಬಂದು ಸದಾನಂದನ ಬೋಳು ತಲೆಗೆ ಮುತ್ತಿಟ್ಟ. “ಹನ್ನೆರಡು ವರ್ಷದಲ್ಲಿ ನಾನೂ ಇಷ್ಟು ಚೆನ್ನಾಗಿ ನಿಂತಿಲ್ಲ!” ಹುಡುಗರು ಇಬ್ಬರನ್ನೂ ಹೆಗಲಿಗೇರಿಸಿದರು.

“ಯಲ್ಲಾ, ನಡೀರಿ ಎಲೆಕ್ಟ್ರಾ ಸ್ಟ್ರೀಟಿನ ಹೋಟೆಲಿಗೆ! ಪರೋಟದ ದುಡ್ಡು ನನ್ನದು,” ಎಂದ ಸದಾನಂದ ಹೊಟ್ಟೆ ಸವರುತ್ತ. ಬಸ್ಸು ಹೊರಟಾಗ ತಿರುಗಿ ನೋಡಿದೆ. ಎದುರು ತಂಡದವರು ಮೈದಾನದ ನಡುವೆಯೇ ನಿಂತು, ತಾವು ಯಾವಾಗ ಸೋತೆವೆಂದು ಒಬ್ಬರನ್ನೊಬ್ಬರು ವಿಚಾರಿಸುತ್ತಿದ್ದಂತೆ ಕಂಡಿತು.